ಇಬ್ಬರು ಮಕ್ಕಳು ಎತ್ತುವ ಬೆಂಚು

ಕನ್ನಡ ಶಾಲೆಯ ಅಕ್ಕೋರ ಸೀರೆ ಎಲ್ಲಕ್ಕಿಂತ ಮೊದಲು ಮೊಣಕಾಲಿನ ಹತ್ತಿರ ಹರಿಯುತ್ತಿತ್ತು. ಬೇರೆ ಹೆಂಗಸರ ಸೀರೆ ಸೆರಗಿನಲ್ಲೋ ಅಂಚಿನಲ್ಲೋ ಸವೆದರೆ, ಇವರ ಇಳಕಲ್ ಸೀರೆಗಳಲ್ಲಿ ಮೊಣಕಾಲಿನ ಜಾಗಕ್ಕೆ ಬೇರೆ ಬಣ್ಣದ ತೇಪೆ ಇರುತ್ತಿತ್ತು. ದಿನವಿಡೀ ಕಲ್ಲು ಹಾಸಿನ ಮೇಲೆ ಮೊಣಕಾಲೂರಿ ಒಂದು ಮಗುವಿನಿಂದ ಇನ್ನೊಂದು ಮಗುವಿನ ಕಡೆಗೆ ಸರಿಯುವವರ ಸೀರೆ ಇನ್ನೆಲ್ಲಿ ಹರಿದೀತು? ನಮ್ಮಮ್ಮ ಒಮ್ಮೆ, "ಸೀರೆಗೆ ಹೊಂದೋ ಬಟ್ಟೇನಾದರೂ ಹಾಕಬಾರದೇ ಅಕ್ಕೋರೇ" ಎಂದು ಕೇಳಿದಾಗ, "ಹೊಂದಿದ್ರ ಕಾಣೂದಿಲ್ಲಲ್ರೀ. ಕೆಲಸ ಮಾಡೀನಿ ಅಂತ ಕಮಿಟಿಯವರಿಗೆ ಏನು ತೋರಿಸ್ಲಿ?" ಅಂದಿದ್ದರು.

ಮೊದಲೇ ಹೇಳಿಬಿಡುತ್ತೇನೆ. ನಾನು ಗುರುಭಕ್ತರ ಪೈಕಿ ಅಲ್ಲ. ಸತ್ತವರೆಲ್ಲ ಲೇಖನಗಳಲ್ಲಿ ದೇವರಾಗುವ ಪದ್ಧತಿ ನನಗೆ ಒಗ್ಗುವುದಿಲ್ಲ. ಅಕ್ಕೋರಿಗೆ ಸಿಟ್ಟು ಮೂಗಿನ ತುದಿಯಲ್ಲಿತ್ತು. ನಾಗಪುರದಲ್ಲಿ ಅಷ್ಟು ವರ್ಷ ಇದ್ದರೂ ಮರಾಠಿಯನ್ನು ಧಾರವಾಡದ ಕನ್ನಡದಂತೆ ಎಳೆದಾಡುತ್ತಿದ್ದರು. ಲೆಕ್ಕ ಬಾರದ ಮಗುವಿನ ಮುಂದೆ ಇರುತ್ತಿದ್ದ ತಾಳ್ಮೆ, ಮಗುವನ್ನು ತಡವಾಗಿ ಕಳುಹಿಸುವ ತಾಯಂದಿರ ಮುಂದೆ ಇರುತ್ತಿರಲಿಲ್ಲ. ನನಗೆ ಅವರು ಪಾಠ ಹೇಳಿದವರೂ ಅಲ್ಲ; ನನ್ನ ತಂಗಿಗೆ ಹೇಳಿದವರು. ಇಷ್ಟೆಲ್ಲ ಇದ್ದೂ ನಾನು ಯಾಕೆ ಬರೆಯುತ್ತಿದ್ದೇನೆ ಎಂಬುದು ನ್ಯಾಯವಾದ ಪ್ರಶ್ನೆ. ಉತ್ತರ ಹೇಳಲು ಒಂದು ಬೆಂಚಿನ ಕಥೆ ಹೇಳಬೇಕು.

ರೈಲ್ವೆಗೂ ತಂತಿ ಕಚೇರಿಗೂ ವರ್ಗವಾಗಿ ನಾಗಪುರಕ್ಕೆ ಬಂದ ಕನ್ನಡದವರು ಸೇರಿಕೊಂಡು ಸೀತಾಬರ್ಡಿಯ ಹಿಂದಿನ ಗಲ್ಲಿಯಲ್ಲಿ ಒಂದು ಉದ್ದನೆಯ ಹಾಲ್ ಬಾಡಿಗೆಗೆ ಹಿಡಿದಿದ್ದರು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಅದು ಕನ್ನಡ ಪ್ರಾಥಮಿಕ ಶಾಲೆ. ಸಂಜೆಗೆ ಅದೇ ಹಾಲಿನಲ್ಲಿ ಭಜನೆ, ನಾಟಕದ ತಾಲೀಮು, ಆಗೊಮ್ಮೆ ಈಗೊಮ್ಮೆ ಯಾರದೋ ಮಗಳ ನಿಶ್ಚಿತಾರ್ಥ. ಒಂದರಿಂದ ನಾಲ್ಕನೆಯ ಇಯತ್ತೆ, ಅದರ ಕೆಳಗೆ ಅಕ್ಷರ ತಿದ್ದುವ ಚಿಕ್ಕ ಮಕ್ಕಳ ಬಿನ್ನೆತ್ತಿ. ಎಲ್ಲವೂ ಒಂದೇ ಕೋಣೆಯಲ್ಲಿ, ಎಲ್ಲಕ್ಕೂ ಅಕ್ಕೋರೊಬ್ಬರೇ. ತಂತಿ ಕಚೇರಿಯಲ್ಲಿದ್ದ ಗಂಡ ತೀರಿಕೊಂಡ ಮೇಲೆ ಊರಿಗೆ ಹಿಂತಿರುಗದೆ ಇಲ್ಲೇ ಉಳಿದವರು ಅವರು. ಯಾಕೆಂದು ಯಾರಾದರೂ ಕೇಳಿದರೆ, "ಅಲ್ಲಿ ಹೋಗಿ ಅಣ್ಣನ ಮಕ್ಕಳನ್ನ ಆಡಸೂದಕಿಂತ ಇಲ್ಲಿ ಮಂದಿ ಮಕ್ಕಳನ್ನ ಕಾಡಸೂದು ಚಲೋ" ಎನ್ನುತ್ತಿದ್ದರು.

ಶಾಲೆಗೆ ಪೀಠೋಪಕರಣ ಎಂಬುದು ಇರಲಿಲ್ಲ. ಮಕ್ಕಳು ಗೋಣಿತಟ್ಟಿನ ತುಂಡಿನ ಮೇಲೆ ಕೂರುತ್ತಿದ್ದರು. ಮುಂದೆ ಬೋರಲು ಹಾಕಿದ ಕಿತ್ತಳೆ ಹಣ್ಣಿನ ಪೆಟ್ಟಿಗೆ. ನಾಗಪುರದಲ್ಲಿ ಕಿತ್ತಳೆ ಸುಗ್ಗಿ ಮುಗಿದರೆ ಆ ತೆಳು ಹಲಗೆಯ ಪೆಟ್ಟಿಗೆಗಳಿಗೆ ಬರವಿಲ್ಲ. ಅಕ್ಕೋರು ಒಂದೊಂದನ್ನೂ ಮರಳು ಕಾಗದದಿಂದ ಉಜ್ಜಿ, ಮೊಳೆಯ ತಲೆ ಬಡಿದು ತರಗತಿಗೆ ಸೇರಿಸುತ್ತಿದ್ದರು. ಲೆಕ್ಕದ ಹೊತ್ತಿಗೆ ಪೆಟ್ಟಿಗೆಗಳು ಸಾಲಾಗುತ್ತಿದ್ದವು, ಕಥೆಯ ಹೊತ್ತಿಗೆ ಗುಂಡಗಾಗುತ್ತಿದ್ದವು, ಮಧ್ಯಾಹ್ನ ಗೋಡೆಗೆ ಒಟ್ಟಿಕೊಂಡು ಸಂಜೆಯ ಭಜನೆಗೆ ಜಾಗ ಬಿಡುತ್ತಿದ್ದವು.

ಒಂದು ದಿನ ತಂಗಿಯನ್ನು ಕರೆತರಲು ಹೋದವನು ಬಾಗಿಲಲ್ಲೇ ನಿಂತೆ. ನಾನಾಗ ಕಾಲೇಜಿನ ಚರ್ಚಾಕೂಟದ ಹುಲಿ. ಮೂರು ಭಾಷೆಗಳಲ್ಲಿ ಜಗಳವಾಡಿ ಬಹುಮಾನದ ಢಾಲು ಗೆದ್ದವನು. ಒಳಗೆ ಒಂದು ಚರ್ಚೆ ನಡೆದಿತ್ತು. ವಿಷಯ, ಹೊಸ ಮಡಕೆಯ ನೀರು ತಂಪೋ, ಹಳೆಯದರದ್ದೋ. ಮಕ್ಕಳು ಹಾಲಿನ ಆ ಕಡೆ ಅರ್ಧ, ಈ ಕಡೆ ಅರ್ಧ ಕೂತಿದ್ದರು. ಯಾರಾದರೂ ಮಾತನಾಡಿದರೆ ಎದುರು ಸಾಲಿನಿಂದ ಒಂದು ಮಗು ಎದ್ದು, ತನ್ನ ತಟ್ಟನ್ನೂ ಪೆಟ್ಟಿಗೆಯನ್ನೂ ಎತ್ತಿಕೊಂಡು ಈ ಕಡೆಗೆ ಬಂದು ಕೂರುತ್ತಿತ್ತು. ಅದು ಅಕ್ಕೋರ ಕಾನೂನು. ಮನಸ್ಸು ಬದಲಾದರೆ ಜಾಗವೂ ಬದಲಾಗಬೇಕು.

ಹಾಗೆ ಬಂದ ಒಬ್ಬಳನ್ನು ಅಕ್ಕೋರು ತಡೆದರು. "ಯಾಕ ಬಂದಿ?"

"ಅವಳು ಬಂದಳು, ಅದಕ್ಕ."

"ಗೆಳತಿ ಬಂದ್ಲಂತ ಆಟಕ್ಕ ಬರಬೇಕು. ಮಾತಿಗೆ ಬರೂದಾದ್ರ ಕಾರಣ ತಗೊಂಡು ಬಾ. ಹೋಗು."

ಹುಡುಗಿ ಪೆಟ್ಟಿಗೆ ಹೊತ್ತುಕೊಂಡು ವಾಪಸ್ಸು ಹೋದಳು. ಅಷ್ಟರಲ್ಲಿ ಇನ್ನೊಂದು ಮಗು, "ಅಕ್ಕೋರ, ನೀವು ಯಾವ ಕಡೆ?" ಎಂದು ಕೇಳಿತು. ಅಕ್ಕೋರು ಹಳೆ ಮಡಕೆಯವರ ಪಕ್ಕ ಕೂತಿದ್ದರು. "ಸದ್ಯಕ್ಕ ಈ ಕಡೆ" ಎಂದರು.

ಶಾಲೆ ಬಿಟ್ಟ ಮೇಲೆ ನಾನು ಸುಮ್ಮನಿರಲಿಲ್ಲ. "ಅಕ್ಕೋರೇ, ಹೀಗೆ ಕಲಿಸಿದರೆ ನಾಳೆ ಇವರು ಯಾವ ಚರ್ಚೇಲೂ ಗೆಲ್ಲಲ್ಲ. ಮಧ್ಯದಲ್ಲಿ ಪಕ್ಷ ಬಿಟ್ಟವನು ಸೋತ ಹಾಗೆ."

"ಯಾರಿಗೆ ಸೋತ?"

"ಎದುರಾಳಿಗೆ."

"ಎದುರಾಳಿ ಹೇಳಿದ್ದು ಖರೇ ಇದ್ರ?"

"ಖರೇನೋ ಸುಳ್ಳೋ ತೀರ್ಪುಗಾರರು ನೋಡ್ಕೋತಾರೆ. ವಾದಿಸೋನು ವಾದಿಸಬೇಕು."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಭಾಳ ಶಾಣ್ಯಾ ಇದ್ದೀ. ಒಳ್ಳೆ ವಕೀಲ ಆಗ್ತೀ" ಅಂದರು. ಅವತ್ತಿನಿಂದ ನನ್ನ ಹೆಸರು ವಕೀಲ. ಅದು ಹೊಗಳಿಕೆ ಆಗಿರಲಿಲ್ಲ ಎಂಬುದು ಮನೆಗೆ ಬರುವಾಗ ದಾರಿಯಲ್ಲಿ ಹೊಳೆಯಿತು.

ಆ ವರ್ಷ ನಮ್ಮ ಕನ್ನಡ ಸಂಘದವರು ನಾಟಕವಾಡಿ ಶಾಲೆಗೆಂದು ಹಣ ಕೂಡಿಸಿದರು. ಕಾರ್ಯದರ್ಶಿಗಳು ರೈಲ್ವೆ ಲೆಕ್ಕದ ಕಚೇರಿಯವರು, ನಮ್ಮ ಹಾಗೆಯೇ ಮೈಸೂರು ಕಡೆಯವರು. ಕಾನ್ವೆಂಟಿನ ಮಕ್ಕಳು ಬೆಂಚಿನ ಮೇಲೆ ಕೂರುವುದನ್ನು ದಿನವೂ ಕಚೇರಿಗೆ ಹೋಗುತ್ತಾ ಕಿಟಕಿಯಿಂದ ನೋಡಿ ನೋಡಿ ಸಂಕಟಪಟ್ಟವರು. ಹಣ ಬಂದದ್ದೇ ತಡ, ಒಂದು ಮಾದರಿ ಬೆಂಚು ಮಾಡಿಸಿಯೇ ಬಿಟ್ಟರು. ರೈಲ್ವೆಯವರು ಬೆಂಚು ಮಾಡಿಸಿದರೆ ಯಾರ ಕೈಯಲ್ಲಿ ಮಾಡಿಸುತ್ತಾರೆ? ರೈಲು ಡಬ್ಬಿ ಕಟ್ಟಿ ನಿವೃತ್ತನಾದ ಬಡಗಿಯ ಕೈಯಲ್ಲಿ. ಅವನು ಬದುಕೆಲ್ಲ ಏನು ಮಾಡಿದ್ದನೋ ಅದನ್ನೇ ಮಾಡಿ ಕೊಟ್ಟ. ಸಾಗುವಾನಿ ಪಟ್ಟಿಗಳು, ಬಾಗಿದ ಬೆನ್ನು, ಕಬ್ಬಿಣದ ಕಾಲು; ಅಪ್ಪಟ ಮೂರನೇ ದರ್ಜೆಯ ಸೀಟು. ನಾಲ್ಕು ಜನ ಗಂಡಸರು ಉಸ್ಸೆಂದು ಅದನ್ನು ಒಳಗೆ ತಂದಿಟ್ಟರು. ಅಳತೆಯೂ ರೈಲಿನದೇ. ಎರಡನೇ ಇಯತ್ತೆಯ ಮಕ್ಕಳನ್ನು ಕೂರಿಸಿದರೆ ಕಾಲುಗಳು ಗಾಳಿಯಲ್ಲಿ ತೂಗಾಡಿದವು. ಮಕ್ಕಳು ಅರ್ಧ ಗಳಿಗೆಯಲ್ಲಿ ಅದರ ಉಪಯೋಗ ಕಂಡುಕೊಂಡು ಸಿಳ್ಳೆ ಹೊಡೆಯತೊಡಗಿದರು. ಒಬ್ಬ "ಚಾಯ್ ಗರಮ್" ಎಂದು ಕೂಗಿದ. ಇನ್ನೊಬ್ಬಳು ಟಿಕೀಟು ಕೇಳಿದಳು.

ಅಕ್ಕೋರು ಕೈ ಕಟ್ಟಿ ನೋಡುತ್ತಿದ್ದರು. "ಕಾರ್ಯದರ್ಶಿಗಳ, ಇದರ ಮ್ಯಾಲೆ ಕುಂತ್ರ ಮಕ್ಕಳು ಇಟಾರ್ಸಿ ತನಕಾ ಬರೋಬರ್ ಮುಟ್ತಾವ. ಮೂರನೇ ಇಯತ್ತೆ ಮುಟ್ಟೂದು ಮಾತ್ರ ಕಠಿಣ ಅದ."

ಕಾರ್ಯದರ್ಶಿಗಳಿಗೆ ನಗು ಬರಲಿಲ್ಲ. ಎತ್ತರ ಇಳಿಸಬಹುದು ಎಂದರು. ಹೇಗೂ ದಿನಾ ಎತ್ತಿಡಲು ಆಗದ್ದರಿಂದ ಹಾಲಿನ ಒಂದು ಭಾಗದಲ್ಲಿ ಸಾಲಾಗಿ ನೆಲಕ್ಕೆ ಬೋಲ್ಟು ಹಾಕಿಬಿಡೋಣ, ಉಳಿದ ಭಾಗ ಸಂಜೆಯ ಕಾರ್ಯಕ್ರಮಗಳಿಗೆ ಎಂದರು. ಆಗ ಅಕ್ಕೋರು ಮಾತಿನ ಸ್ವರ ಬದಲಾಯಿಸಿ ಒಂದೇ ಪ್ರಶ್ನೆ ಕೇಳಿದರು. "ಆ ಒಂದು ಭಾಗದಾಗ ನಾಕು ಇಯತ್ತೆ ಹಿಡೀತಾವ. ಬಿನ್ನೆತ್ತಿ ಎಲ್ಲಿ ಕುಂದ್ರಸ್ಲಿ?"

ಬಿನ್ನೆತ್ತಿಯನ್ನು ಸದ್ಯ ನಿಲ್ಲಿಸೋಣ, ಆ ಮಕ್ಕಳು ಒಂದು ವರ್ಷ ಪಕ್ಕದ ಮರಾಠಿ ಶಾಲೆಗೆ ಹೋಗಿ ಬರಲಿ ಎಂಬ ಉತ್ತರ ಕಮಿಟಿಯಲ್ಲಿ ಆಗಲೇ ತಯಾರಾಗಿತ್ತು. ಆ ವಯಸ್ಸಿನಲ್ಲಿ ಹೋದ ಮಗು ಮರಳಿ ಕನ್ನಡ ಶಾಲೆಗೆ ಬರುವುದಿಲ್ಲ ಎಂಬುದು ಅಕ್ಕೋರಿಗೆ ಗೊತ್ತಿತ್ತು. ಬಿನ್ನೆತ್ತಿ ಹೋದರೆ ಮರುವರ್ಷ ಒಂದನೆಯದು ಖಾಲಿ, ಅದರ ಮರುವರ್ಷ ಎರಡನೆಯದು. ಬೋಲ್ಟು ಹಾಕುವುದು ಬೆಂಚಿಗಲ್ಲ, ಶಾಲೆಯ ಬಾಗಿಲಿಗೆ ಎಂದು ಅವರು ಮನೆಮನೆಗೆ ಹೋಗಿ ಹೇಳಿದರು. ಭಾನುವಾರ ಪಾಲಕರ ಸಭೆ ಕರೆಯಬೇಕಾಯಿತು.

ಕಾರ್ಯದರ್ಶಿಗಳು ನಮ್ಮ ಮನೆಗೆ ಬಂದು, "ಆ ಹೆಂಗಸಿನ ಬಾಯಿಗೆ ನಾವು ನಿಲ್ಲಲಾರೆವು. ನೀನೇ ಬೆಂಚಿನ ಪರವಾಗಿ ಮಾತಾಡಪ್ಪಾ" ಎಂದರು. ನಾನು ಒಪ್ಪಿದೆ. ಢಾಲಿನ ಆಸೆಗೆ ಅಲ್ಲ, ನಿಜವಾಗಿಯೂ ಬೆಂಚು ಬೇಕು ಎಂದು ನಂಬಿದ್ದೆ. ಇಪ್ಪತ್ತನೆಯ ಶತಮಾನದ ಮಧ್ಯದಲ್ಲಿ ಗೋಣಿತಟ್ಟು ಏನು, ಕಿತ್ತಳೆ ಪೆಟ್ಟಿಗೆ ಏನು?

ಸಭೆಯಲ್ಲಿ ಬೆಂಚಿನವರು ಬಾಗಿಲ ಕಡೆ, ಅಕ್ಕೋರು ಮತ್ತು ತಾಯಂದಿರು ಕಿಟಕಿಯ ಕಡೆ ಕೂತರು. ಯಾರೂ ಹೇಳದಿದ್ದರೂ ಹಾಲು ಎರಡಾಗಿತ್ತು. ಅಕ್ಕೋರು ಮಕ್ಕಳ ತಟ್ಟೊಂದನ್ನು ಹಾಕಿಕೊಂಡು ಕೂತಿದ್ದರು. ನಾನು ಚೆನ್ನಾಗಿಯೇ ಮಾತನಾಡಿದೆ. ಡಿಸೆಂಬರಿನಲ್ಲಿ ಈ ಕಲ್ಲು ಎಷ್ಟು ಕೊರೆಯುತ್ತದೆ, ಬಗ್ಗಿ ಬರೆಯುವ ಬೆನ್ನಿಗೆ ಏನಾಗುತ್ತದೆ, ಬೇರೆ ಶಾಲೆಯ ಮಕ್ಕಳೆದುರು ನಮ್ಮ ಮಕ್ಕಳು ಯಾಕೆ ತಲೆ ತಗ್ಗಿಸಬೇಕು. ಚಪ್ಪಾಳೆ ಬಿತ್ತು.

ಅಕ್ಕೋರು ಎದ್ದರು. ಅವರ ಪದ್ಧತಿಯೇ ಹಾಗೆ, ಮೊದಲು ನನ್ನ ಮಾತನ್ನು ನನಗಿಂತ ಚೆಂದ ಮಾಡಿ ಹೇಳಿದರು. ಛಳಿ ಖರೇ, ಬೆನ್ನು ಖರೇ ಎಂದು ಒಪ್ಪಿದರು. ಆಮೇಲೆ ಐದು ಇಯತ್ತೆಗಳನ್ನು ಒಬ್ಬರೇ ನಡೆಸುವುದು ಹೇಗೆ ಎಂದು ವಿವರಿಸಿದರು. ದೊಡ್ಡವರು ಚಿಕ್ಕವರ ಪಕ್ಕಕ್ಕೆ ಸರಿದು ಓದಿಸುತ್ತಾರೆ, ಮಗ್ಗಿ ಬಂದವರು ಬಾರದವರ ಜತೆ ಕೂರುತ್ತಾರೆ. ಸರಿಯುವುದು ನಿಂತರೆ ಪಾಠ ನಿಂತಿತು. ತಾಯಂದಿರು ತಲೆದೂಗಿದರು. ನಮ್ಮ ಸಾಲಿನಲ್ಲೂ ಒಬ್ಬಿಬ್ಬರು ತಲೆದೂಗಿದ್ದನ್ನು ಕಂಡೆ. ಸೋಲುತ್ತಿದ್ದೇನೆ ಎಂದು ಗೊತ್ತಾಗುವ ಆ ತಣ್ಣನೆಯ ಅನುಭವ ನನಗೆ ಹೊಸದು. ಕಡೆಗೆ ಅವರು, "ನೆಲಕ್ಕ ನಾಚಿಕಿ ಯಾಕ? ನೆಲದ ಮ್ಯಾಲೆ ಎಲ್ಲಾರೂ ಸಮಾ" ಎಂದು ಮುಗಿಸಿದರು.

"ಸಮಾ ಅಲ್ರಿ, ಅಕ್ಕೋರ."

ಬಾಗಿಲ ಹತ್ತಿರದಿಂದ ಬಂತು ಆ ಮಾತು. ಲೋಕೋ ಶೆಡ್ಡಿನ ಫಿಟ್ಟರ್ ಒಬ್ಬರು, ಗದಗಿನ ಕಡೆಯವರು. ಅವರ ಮಗಳು ಬಿನ್ನೆತ್ತಿಯಲ್ಲಿದ್ದಳು. ಸಭೆಗಳಲ್ಲಿ ಅವರು ಬಾಯಿ ಬಿಟ್ಟದ್ದನ್ನು ಅದುವರೆಗೆ ಯಾರೂ ಕೇಳಿರಲಿಲ್ಲ.

"ನಮ್ಮೂರ ಸಾಲ್ಯಾಗ ಬೆಂಚು ಇದ್ದುವ್ರಿ. ಒಳಗ, ಅವರಿಗೆ. ನಮ್ಮ ಕೇರಿ ಹುಡುಗ್ರು ಹೊರಗ ಕಟ್ಟಿ ಮ್ಯಾಲೆ, ನೆಲಕ್ಕ. ಮಾಸ್ತರ್ರು ಕಿಡಿಕ್ಯಾಗಿಂದ ಪಾಠ ಹೇಳ್ತಿದ್ರು. ನೀವು ನೆಲದ ಮ್ಯಾಲೆ ಕುಂತ್ರ ಮಂದಿ ಅಕ್ಕೋರು ಭಾಳ ಸಾದಾ ಅದಾರ ಅಂತಾರ. ನಾವು ಕುಂತ್ರ ಇದು ಇವರ ಜಾಗಾನ ಐತಿ ಅಂತಾರ. ನನ್ನ ಮಗಳು ಬೆಂಚಿನ ಮ್ಯಾಲೆ ಕುಂದರಬೇಕ್ರಿ. ಬಿನ್ನೆತ್ತಿ ಇರಬೇಕು, ಬೆಂಚೂ ಇರಬೇಕು. ಹೆಂಗಂತ ನನಗ ಗೊತ್ತಿಲ್ಲ."

ನನ್ನ ಒಳಗಿನ ಚರ್ಚಾಪಟು ಕುಣಿಯುತ್ತಿದ್ದ. ನಮ್ಮ ಪಕ್ಷಕ್ಕೆ ಇದಕ್ಕಿಂತ ಬಲವಾದ ವಾದ ಇರಲಿಲ್ಲ, ಮತ್ತು ಅದು ನನಗೆ ಹೊಳೆದಿರಲಿಲ್ಲ.

ಅಕ್ಕೋರು ಬಗ್ಗಿ ತಮ್ಮ ತಟ್ಟು ಎತ್ತಿಕೊಂಡರು. ಅಷ್ಟು ಜನರ ನಡುವೆ ಹಾಲು ದಾಟಿ ಬಂದು, ಫಿಟ್ಟರರ ಸಾಲಿನಲ್ಲಿ ತಟ್ಟು ಹಾಸಿ, ಅದರ ಮೇಲೆ ಕೂರದೆ ನಿಂತೇ ಹೇಳಿದರು. "ನಿಮ್ಮ ಮಾತು ನನಗ ಗೊತ್ತಿರಲಿಲ್ಲ. ಈಗ ಗೊತ್ತಾತು."

ಧಾರವಾಡದಲ್ಲಿ ಟ್ರೇನಿಂಗ್ ಆದವರು, ಆಗಷ್ಟೇ ಸಭೆ ಗೆದ್ದವರು, ವಯಸ್ಸಿನಲ್ಲಿ ಹಿರಿಯರು. ಗೆದ್ದ ಕೈಯಲ್ಲೇ ಜಾಗ ಬಿಟ್ಟು ಬಂದರು. ಆ ವರ್ಷ ನಾನು ಕೇಳಿದ ಭಾಷಣಗಳಲ್ಲಿ ಒಂದೂ ನೆನಪಿಲ್ಲ. ಆ ತಟ್ಟು ಹಾಸಿದ ಸದ್ದು ನೆನಪಿದೆ.

ಕಾರ್ಯದರ್ಶಿಗಳು ಹಿಗ್ಗಿ, "ಹಾಗಾದರೆ ಅವಿರೋಧವಾಗಿ ಪಾಸು ಅಂತ ಬರ್ಕೊಳ್ಳಲೇ?" ಎಂದರು.

"ತಡೀರಿ. ಬೆಂಚು ಬೇಕಂತ ಈ ಕಡೆ ಬಂದೀನಿ. ನಿಮ್ಮ ರೈಲು ಬೇಕಂತ ಬಂದಿಲ್ಲ." ಅವರು ನನ್ನ ಕಡೆ ತಿರುಗಿದರು. "ವಕೀಲಾ, ಆ ಕಡೆ ಈಗ ಮಾತಾಡವರು ಯಾರೂ ಉಳೀಲಿಲ್ಲ. ಸಣ್ಣ ಮಕ್ಕಳ ಮಾತು ಯಾರು ಹೇಳವರು? ನೀ ಹೋಗು."

"ನಾನು ಬೆಂಚಿನ ಪರ ಅಕ್ಕೋರೇ."

"ಅದು ಎಲ್ಲಾರಿಗೂ ಕೇಳಿಸ್ತು. ಈಗ ಆ ಕಡೆ ಹೋಗಿ ಅವರ ಮಾತು ಹೇಳು. ಹೇಳಲಿಕ್ಕ ಬರಂಗಿಲ್ಲ ಅನ್ನೂದಾದ್ರ ಢಾಲು ವಾಪಸ್ಸು ಕೊಟ್ಟು ಬಾ."

ಜನ ನಕ್ಕರು. ಹೋಗದೆ ವಿಧಿಯಿರಲಿಲ್ಲ. ಕಿಟಕಿಯ ಕಡೆಗೆ ಹೋಗಿ ತಿರುಗಿ ನಿಂತಾಗ ಹಾಲು ಬೇರೆಯಾಗಿ ಕಂಡಿತು; ಆ ಮೂರನೇ ದರ್ಜೆಯ ಸೀಟು ಅರ್ಧ ಬಾಗಿಲನ್ನೇ ಮುಚ್ಚಿ ಕೂತದ್ದು ಈ ಕಡೆಯಿಂದ ಮಾತ್ರ ಕಾಣುತ್ತಿತ್ತು. ಮಾತು ಹುಡುಕುತ್ತಾ ಹುಡುಕುತ್ತಾ ನಾನು ಹೇಳಿದ್ದು ಇಷ್ಟು. ಬೆಂಚಿರಲಿ. ಆದರೆ ದೊಡ್ಡವರು ಬಂದು ಸರಿಸಬೇಕಾದ ಬೆಂಚು ಬೇಡ. ಬಿನ್ನೆತ್ತಿಯ ಇಬ್ಬರು ಮಕ್ಕಳು ಸೇರಿ ಎತ್ತಿ ಬೇರೆ ಕಡೆ ಇಡಲು ಆಗಬೇಕು. ಅಂಥದ್ದು ಸಿಗದಿದ್ದರೆ ಹಣ ಹಾಗೇ ಇರಲಿ.

"ಈಗ ಮಾತಾಡಿದಿ ನೋಡು," ಎಂದರು ಅಕ್ಕೋರು. ಠರಾವು ಹಾಗೆಯೇ ಆಯಿತು.

ಹೋಳಿ ಮುಗಿದ ಮೇಲೆ ಒಂದು ದಿನ ಇತವಾರಿ ಪೇಟೆಗೆ ಹೋದೆವು. ಅಕ್ಕೋರು, ನಾನು, ಫಿಟ್ಟರ್, ಅವರ ಮಗಳು, ಅವಳ ಗೆಳತಿ. ಹಮಾಲರ ಕೈಗಾಡಿಗಳ ನಡುವೆ ಮಕ್ಕಳ ಕೈ ಹಿಡಿದು ಒಂದೊಂದೇ ಮರದ ಸಾಮಾನಿನ ಅಂಗಡಿಗೆ ನುಗ್ಗುತ್ತಿದ್ದರು ಅಕ್ಕೋರು. ಬೆಲೆ ಕೇಳುತ್ತಿರಲಿಲ್ಲ, ಕಟ್ಟಿಗೆ ಯಾವುದೆಂದು ಕೇಳುತ್ತಿರಲಿಲ್ಲ. ಬೆಂಚಿನ ಎರಡು ತುದಿಗೆ ಇಬ್ಬರು ಹುಡುಗಿಯರನ್ನು ನಿಲ್ಲಿಸಿ "ಎತ್ರಿ" ಎನ್ನುತ್ತಿದ್ದರು. ಬೆಂಚು ಕದಲುತ್ತಿರಲಿಲ್ಲ. ಮುಂದಿನ ಅಂಗಡಿ. ಅಂಗಡಿಯವರೆಲ್ಲರ ವಾದ ಒಂದೇ, ಭಾರ ಇದ್ದರೆ ಗಟ್ಟಿ. ಒಬ್ಬನಂತೂ, "ಬಾಯಿ, ಬೆಂಚ್ ಘೇಣಾರ್ ಕೀ ಕುಸ್ತಿ ಕರಣಾರ್?" ಎಂದ. ಬೆಂಚು ಕೊಳ್ಳುತ್ತೀರೋ ಕುಸ್ತಿ ಆಡಿಸುತ್ತೀರೋ ಎಂದು. ಅಕ್ಕೋರು ತಮ್ಮ ಧಾರವಾಡಿ ಮರಾಠಿಯಲ್ಲಿ ಏನೋ ಉತ್ತರ ಕೊಟ್ಟರು. ಅವನಿಗೆ ಅರ್ಥವಾಗಲಿಲ್ಲ, ಆದರೆ ಬಾಯಿ ಮುಚ್ಚಿದ.

ಬಿಸಿಲೇರಿತು. ಹುಡುಗಿಯರ ಮುಖ ಕೆಂಪಾಯಿತು. ನಾನು ಗೊಣಗತೊಡಗಿದೆ. ರಸ್ತೆಯ ಮೂಲೆಯಲ್ಲಿ ಒಂದು ರಸವಂತಿ ಇತ್ತು, ಕಬ್ಬಿನ ಹಾಲಿನ ಅಂಗಡಿ. ನಾಗಪುರದಲ್ಲಿ ಬೇಸಗೆ ಬಂತೆಂದರೆ ಚಾಪೆಯ ಚಪ್ಪರ ಹಾಕಿಕೊಂಡು ಎದ್ದು ನಿಲ್ಲುವಂಥದು. ಗಾಣದ ಗೆಜ್ಜೆ ಜಣ್ ಜಣ್ ಎನ್ನುತ್ತಿತ್ತು. ಎಲ್ಲರೂ ಕೂತೆವು. ನನ್ನ ಮೊಣಕಾಲು ಗದ್ದಕ್ಕೆ ಬಂತು, ಅಷ್ಟು ಗಿಡ್ಡ ಬೆಂಚು. ಅಕ್ಕೋರು ಲೋಟ ಬಾಯಿಗೆ ಇಟ್ಟವರು ಇಟ್ಟಂತೆಯೇ ನಿಲ್ಲಿಸಿದರು.

"ವಕೀಲಾ, ಕಾಲು ನೋಡು."

ಫಿಟ್ಟರರ ಮಗಳ ಎರಡೂ ಪಾದ ನೆಲದ ಮೇಲೆ ಊರಿದ್ದವು.

"ಏಳ್ರಿ ಎಲ್ಲಾರೂ. ಹುಡುಗೇರಾ, ಎತ್ರಿ."

ಇಬ್ಬರು ಹುಡುಗಿಯರು ಬೆಂಚು ಎತ್ತಿದರು. ಎತ್ತಿದ್ದಷ್ಟೇ ಅಲ್ಲ, ಬೆಳಗಿಂದ ಸೋತು ಸೋತು ಸಾಕಾಗಿದ್ದವರು ಗೆದ್ದ ಖುಷಿಗೆ ಅದನ್ನು ಹೊತ್ತುಕೊಂಡು ಚಪ್ಪರದ ಹೊರಗೆ ನಡೆದೇಬಿಟ್ಟರು. ರಸವಂತಿಯವನು "ಅರೇ ಅರೇ" ಎಂದು ಕಬ್ಬು ಹಿಡಿದುಕೊಂಡೇ ಹಿಂದೆ ಓಡಿದ. ಅಕ್ಕೋರು ಸೆರಗು ಬಾಯಿಗಿಟ್ಟು ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ. ಬೆಳಿಗ್ಗೆ ಹೊರಗೆ ಹಾಕಿ ಸಂಜೆ ಒಳಗೆ ಇಡುವ ಬೆಂಚು, ಅವನು ಹಗುರವಾಗಿಯೇ ಮಾಡಿಸಿದ್ದ. ಎಲ್ಲಿ ಮಾಡಿಸಿದ್ದು ಎಂದು ಕೇಳಿಕೊಂಡು ಅಲ್ಲಿಂದ ನೇರವಾಗಿ ಆ ಬಡಗಿಯ ಮನೆಗೆ ಹೋದೆವು.

"ರಸದ ಅಂಗಡಿ ಬೆಂಚೇ?" ಎಂದು ಕಾರ್ಯದರ್ಶಿಗಳು ಮುಖ ಸಿಂಡರಿಸಿದರು. "ಬೆಂಚು ಬೆಂಚ ಐತ್ರಿ, ಸಾಹೇಬ್ರ" ಎಂದರು ಫಿಟ್ಟರ್. ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ಎಲ್ಲ ಮಕ್ಕಳೂ ಬೆಂಚಿನ ಮೇಲೆ ಕೂತರು, ಬಿನ್ನೆತ್ತಿಯೂ. ಬೋರಲು ಮಲಗಿದ್ದ ಕಿತ್ತಳೆ ಪೆಟ್ಟಿಗೆಗಳು ಎದ್ದು ನಿಂತು ಮೇಜಾದವು. ಅಕ್ಕೋರಿಗೆ ಮಾತ್ರ ಬೆಂಚಿನಿಂದ ಉಪಕಾರವಾಗಲಿಲ್ಲ. ಅಷ್ಟು ಗಿಡ್ಡ ಬೆಂಚಿನ ಮಕ್ಕಳ ಜೊತೆ ಮಾತನಾಡಲು ಮೊದಲಿನಂತೆಯೇ ಮೊಣಕಾಲೂರಬೇಕಿತ್ತು. ತೇಪೆಯ ಮೇಲೆ ತೇಪೆ ಬಿತ್ತು.

ಈ ಚಳಿಗಾಲದಲ್ಲಿ ಅಕ್ಕೋರು ತೀರಿಕೊಂಡರು. ಎರಡು ದಿನ ಜ್ವರ ಎಂದು ಮಲಗಿದವರು ಏಳಲಿಲ್ಲ. ನಾನೀಗ ಕೋರ್ಟಿನಲ್ಲಿ ಹಿರಿಯರೊಬ್ಬರ ಕೈಕೆಳಗೆ ಕೆಲಸ ಕಲಿಯುತ್ತಿದ್ದೇನೆ. ಯಾವ ಕೇಸು ಕೈಗೆ ಬಂದರೂ ಮೊದಲು ಎದುರಿನವರ ಪರವಾಗಿ ಒಂದು ಸಲ ವಾದ ಕಟ್ಟಿ ನೋಡುವ ಚಾಳಿ ಅಂಟಿದೆ. ನಮ್ಮ ಹಿರಿಯರಿಗೆ ಇದರಿಂದ ಕಿರಿಕಿರಿ. ಎಲ್ಲಿ ಕಲಿತೆಯಯ್ಯಾ ಇದನ್ನು ಎನ್ನುತ್ತಾರೆ.

ಶೋಕಸಭೆ ಅದೇ ಹಾಲಿನಲ್ಲಿ ನಡೆಯಿತು. ಬಾಡಿಗೆ ಕುರ್ಚಿಗಳು ಸಾಲದೆ ಕೆಲವರು ಮಕ್ಕಳ ಬೆಂಚಿನ ಮೇಲೇ ಮೊಣಕಾಲು ಮಡಚಿ ಕೂತಿದ್ದೆವು. ಭಾಷಣಗಳಾದ ಮೇಲೆ ಕಾರ್ಯದರ್ಶಿಗಳು ಕಣ್ಣೊರೆಸಿಕೊಂಡು ಒಂದು ಠರಾವು ಓದಿದರು. ಅವರ ದುಃಖ ಪ್ರಾಮಾಣಿಕವಾದದ್ದು, ಅದರಲ್ಲಿ ನನಗೆ ಸಂಶಯವಿಲ್ಲ. ಅಕ್ಕೋರ ನೆನಪಿಗಾಗಿ ಕಬ್ಬಿಣದ ಕಾಲಿನ ಹೊಸ ಡೆಸ್ಕುಗಳು, ಪ್ರತಿಯೊಂದರ ಮೇಲೂ ಅವರ ಹೆಸರಿನ ಹಿತ್ತಾಳೆ ಪಟ್ಟಿ, ಹಾಲಿನ ಒಂದು ಭಾಗದಲ್ಲಿ ಶಾಶ್ವತವಾಗಿ. ಜಾಗದ ಅಭಾವದಿಂದ ಬಿನ್ನೆತ್ತಿಯ ಬಗ್ಗೆ ಮುಂದೆ ಯೋಚಿಸಲಾಗುವುದು. ಎಲ್ಲರ ಒಪ್ಪಿಗೆ ಇದೆ ಎಂದು ಭಾವಿಸಲೇ?

ಶೋಕಸಭೆಯಲ್ಲಿ ವಿರೋಧಿಸುವವರು ಯಾರು? ಎಲ್ಲರೂ ಬಾಗಿಲ ಕಡೆಗೇ ಕೂತಿದ್ದೆವು. ಕಿಟಕಿಯ ಕಡೆ ಅವರ ಭಾವಚಿತ್ರ, ಅದಕ್ಕೊಂದು ಹಾರ, ಅದರ ಮುಂದೆ ಬರಿಯ ನೆಲ.

ನಾನು ಎದ್ದೆ. ಕೂತಿದ್ದ ಬೆಂಚಿನ ತುದಿ ಹಿಡಿದೆ. ಒಬ್ಬನೇ ಎತ್ತಬಹುದಾದಷ್ಟು ಹಗುರ ಅದು, ಆದರೂ ಪಕ್ಕದಲ್ಲಿದ್ದ ಫಿಟ್ಟರ್ ಎದ್ದು ಇನ್ನೊಂದು ತುದಿ ಹಿಡಿದರು. ಇಬ್ಬರೂ ಬೆಂಚು ಹೊತ್ತು ಹಾಲು ದಾಟಿದೆವು. ಕಿಟಕಿಯ ಕೆಳಗೆ ಇಟ್ಟು, ಸಭೆಯ ಕಡೆ ಮುಖ ಮಾಡಿ ಕೂತೆವು.

ಕಾರ್ಯದರ್ಶಿಗಳು ಕನ್ನಡಕ ಮೇಲೆತ್ತಿ ನನ್ನನ್ನೇ ನೋಡಿದರು. "ಇದೇನಪ್ಪಾ ಇದು, ನೀನು ಬೆಂಚಿನ ಕಡೆಯವನಲ್ಲವೇ? ಈಗ ಯಾವ ಕಡೆ?"

"ಸದ್ಯಕ್ಕೆ ಈ ಕಡೆ," ಎಂದೆ.